ಫೋನ್ ಒಯ್ಯೋದಾ, ಕ್ಯಾಮೆರಾ ಒಯ್ಯೋದಾ? ಹಪ್ಪಳದ ಅಂಗಳದಿಂದ ಬಯಲಾಟದವರೆಗೆ ವಿಡಿಯೊ ಮಾಡುವ ಬಗೆ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ಎರಡು ಸಲ ಮಣ್ಣು ಮುಕ್ಕಿದೆ.

ಮೊದಲನೆಯದು ದೊಡ್ಡಮ್ಮನ ಮನೆಯ ಅಂಗಳದಲ್ಲಿ. ಹಲಸಿನ ಹಪ್ಪಳದ ಕಾಲ. ಸೊಳೆ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒತ್ತಿ, ಚಾಪೆಯ ಮೇಲೆ ಹರಡುವುದನ್ನೆಲ್ಲ ವಿಡಿಯೊ ಮಾಡಿಡೋಣ ಅಂತ ದೊಡ್ಡ ಕ್ಯಾಮೆರಾ, ಟ್ರೈಪಾಡ್, ಎರಡು ಲೆನ್ಸ್ ಹೊತ್ತುಕೊಂಡು ಹೋದೆ. ಟ್ರೈಪಾಡಿನ ಕಾಲು ಬಿಡಿಸಿ ಕ್ಯಾಮೆರಾ ಕೂರಿಸುವಷ್ಟರಲ್ಲಿ ದೊಡ್ಡಮ್ಮ ಎದ್ದು ನಿಂತಾಗಿತ್ತು. "ತಡಿ ಮಾರಾಯ, ಸೀರೆ ಬದಲಾಯಿಸಿ ಬರ್ತೇನೆ. ಇದು ಮದುವೆ ವಿಡಿಯೊದವರ ಹಾಗೆ ಉಂಟಲ್ಲ!" ರೇಷ್ಮೆ ಸೀರೆ ಉಟ್ಟು ಬಂದವರು ಹಿಟ್ಟು ಮುಟ್ಟಲು ಹಿಂದೆಮುಂದೆ ನೋಡಿದರು. ಆ ವಿಡಿಯೊದಲ್ಲಿ ಹಪ್ಪಳ ಒತ್ತುವ ಕೈ ಇದೆ. ಆದರೆ ಅದು ನನ್ನ ದೊಡ್ಡಮ್ಮನ ಕೈ ಅನ್ನಿಸುವುದೇ ಇಲ್ಲ.

ಎರಡನೆಯದು ಅದೇ ಶನಿವಾರ ರಾತ್ರಿ, ಪಕ್ಕದ ಮನೆಯವರ ಹರಕೆ ಆಟದಲ್ಲಿ, ಅಂದರೆ ಹರಕೆಗೆ ಆಡಿಸುವ ಯಕ್ಷಗಾನದಲ್ಲಿ. ಹಪ್ಪಳದ ಪಾಠ ಕಲಿತಿದ್ದೇನಲ್ಲ, ಈ ಸಲ ಬರೀ ಫೋನ್ ಒಯ್ದೆ. ಬಣ್ಣದ ವೇಷದ ಮುಖದ ಮೇಲಿನ ಗೆರೆಗಳೆಲ್ಲ ಕಲಸಿ ಮೇಣದ ಗೊಂಬೆಯಾಯಿತು. ಚೆಂಡೆಯ ಪೆಟ್ಟು ಬಿದ್ದಾಗಲೆಲ್ಲ ಹಾಡುವ ಭಾಗವತರ ದನಿ ಬಾವಿಗೆ ಬಿದ್ದ ಹಾಗೆ ಒಳಗೆ ಹೋಯಿತು. ರಾತ್ರಿ ಒಂದೂವರೆಗೆ ಫೋನು, ಜಾಗ ಇಲ್ಲ ಅಂತ ನಿಂತೇಬಿಟ್ಟಿತು. ಆಟ ಮುಗಿಯಲು ಇನ್ನೂ ನಾಲ್ಕು ತಾಸು ಬಾಕಿ.

ಸಲಕರಣೆ ಎರಡೂ ಒಳ್ಳೆಯವೇ. ಒಯ್ದ ಜಾಗ ತಪ್ಪು, ಅಷ್ಟೆ. ಹಾಗಾಗಿ "ಯಾವುದು ಒಳ್ಳೆಯದು" ಅನ್ನೋ ಜಗಳ ಇಲ್ಲಿ ಬೇಡ. ಯಾವ ಕೆಲಸಕ್ಕೆ ಯಾವುದನ್ನು ಒಯ್ಯಬೇಕು, ಒಯ್ದ ಮೇಲೆ ಏನೇನು ಮಾಡಬೇಕು, ಅದನ್ನು ನೋಡೋಣ. ಉದಾಹರಣೆಗೆ ಈ ಎರಡೇ ಸಾಕು: ಹಗಲಿನ ಹಪ್ಪಳ, ರಾತ್ರಿಯ ಯಕ್ಷಗಾನ. ನಿಮ್ಮ ಮನೆಯ ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಊರ ತೇರು, ಎಲ್ಲವೂ ಇವೆರಡರ ನಡುವೆ ಎಲ್ಲೋ ಬರುತ್ತವೆ.

ಮೊದಲ ಹೆಜ್ಜೆ: ಮನೆಯಲ್ಲೇ ಕೂತು ಮೂರು ಪ್ರಶ್ನೆ

ಬೆಳಕೆಷ್ಟು? ದೂರವೆಷ್ಟು? ಹೊತ್ತೆಷ್ಟು? ಈ ಮೂರನ್ನು ಕೇಳಿಕೊಳ್ಳದೆ ಬ್ಯಾಗಿಗೆ ಏನನ್ನೂ ಹಾಕಬೇಡಿ.

ಬೆಳಕಿನದ್ದು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಮೋಸಹೋಗುವುದೇ ಇಲ್ಲಿ. ಬೆಳಕು ಹಿಡಿಯುವ ಚಿಪ್ಪಿಗೆ ಸೆನ್ಸರ್ ಅನ್ನುತ್ತಾರೆ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅಂದರೆ 864 ಚದರ ಮಿಲಿಮೀಟರ್. ಎಪಿಎಸ್-ಸಿ ಅನ್ನುವ ಸಣ್ಣ ಜಾತಿಯ ಕ್ಯಾಮೆರಾದಲ್ಲಿ ಸುಮಾರು 367. ದುಬಾರಿ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಹೆಚ್ಚುಕಮ್ಮಿ 70. ಮಳೆಗಾಲದಲ್ಲಿ ಸೂರಿನ ಕೆಳಗೆ ಹಂಡೆ, ಚೊಂಬು, ಲೋಟ ಸಾಲಾಗಿ ಇಟ್ಟ ಹಾಗೆ. ಜಡಿಮಳೆ ಬಂದರೆ ಲೋಟವೂ ತುಂಬುತ್ತದೆ. ಬಿಸಿಲಿನಲ್ಲಿ ಫೋನಿನ ವಿಡಿಯೊ ಅಷ್ಟು ಚೆನ್ನಾಗಿ ಬರುವುದು ಅದಕ್ಕೇ. ತುಂತುರು ಹನಿಗೆ ಲೋಟದ ತಳವೂ ಒದ್ದೆಯಾಗುವುದಿಲ್ಲ. ಆಗ ಫೋನು ಕಂಡಷ್ಟನ್ನು ಹಿಗ್ಗಿಸಿ, ಅದರಲ್ಲಿ ಕಾಣುವ ಕಾಳುಕಾಳನ್ನು ಉಜ್ಜಿ ನುಣ್ಣಗೆ ಮಾಡುತ್ತದೆ. ಮುಖದ ಗೆರೆ, ಮೀಸೆಯ ಕೂದಲು, ಕಿರೀಟದ ಕುಸುರಿ ಆ ಉಜ್ಜಾಟದಲ್ಲಿ ಅಳಿಸಿಹೋಗುತ್ತವೆ.

ಹಾಗಂತ ಯಾವ ಕ್ಯಾಮೆರಾ ಆದರೂ ರಾತ್ರಿಗೆ ಆಗುತ್ತದೆ ಅಂದುಕೊಳ್ಳಬೇಡಿ. ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ. ಕ್ಯಾಮೆರಾ ಜೊತೆಗೆ ಪೆಟ್ಟಿಗೆಯಲ್ಲೇ ಬರುವ ಕಿಟ್ ಲೆನ್ಸು ಜೂಮ್ ಮಾಡಿದಾಗ ಹೆಚ್ಚಾಗಿ ಎಫ್ 5.6ಕ್ಕೆ ಇಳಿಯುತ್ತದೆ. ಒಳ್ಳೆಯ ಫೋನಿನ ಮುಖ್ಯ ಲೆನ್ಸ್ ಎಫ್ 1.8ರ ಆಸುಪಾಸು. ಈ ವ್ಯತ್ಯಾಸವೇ ಸುಮಾರು ಹತ್ತು ಪಟ್ಟು ಬೆಳಕು! ಎಪಿಎಸ್-ಸಿ ಸೆನ್ಸರ್ ಐದು ಪಟ್ಟು ದೊಡ್ಡದಿದ್ದರೂ, ಆ ಲೆನ್ಸಿನಲ್ಲಿ ಜೂಮ್ ಮಾಡಿದರೆ ಸಿಗುವ ಒಟ್ಟು ಬೆಳಕು ಫೋನಿನ ಮುಖ್ಯ ಕ್ಯಾಮೆರಾಕ್ಕಿಂತ ಕಡಿಮೆ. "ಇಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತಗೊಂಡೆ, ರಾತ್ರಿ ಫೋನಿನ ಹಾಗೇ ಬರ್ತಿದೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಕ್ಯಾಮೆರಾ ಸರಿಯಾಗಿದೆ, ಲೆನ್ಸ್ ಸಾಲದು. ಅದೇ ಕ್ಯಾಮೆರಾಕ್ಕೆ 50 ಮಿ.ಮೀ. (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಎಫ್ 1.8ರ ಅಗ್ಗದ ಲೆನ್ಸ್ ಸಿಕ್ಕಿಸಿದರೆ ರಾತ್ರಿಯ ಚಿತ್ರವೇ ಬೇರೆಯಾಗುತ್ತದೆ.

ದೂರಕ್ಕೆ ಒಂದು ಬೆರಳೆಣಿಕೆಯ ಲೆಕ್ಕ ಇದೆ. ಫೋನಿನ ಮುಖ್ಯ ಕ್ಯಾಮೆರಾ, ನೀವು ನಿಂತ ದೂರದ ಒಂದೂವರೆ ಪಟ್ಟು ಅಗಲವನ್ನು ಹಿಡಿಯುತ್ತದೆ. ರಂಗಸ್ಥಳದಿಂದ 12 ಮೀಟರ್ ಹಿಂದೆ ನಿಂತರೆ 18 ಮೀಟರ್ ಅಗಲ. ಆರು ಮೀಟರಿನ ರಂಗಸ್ಥಳ ಅದರಲ್ಲಿ ಮೂರನೇ ಒಂದು ಪಾಲು. ಉಳಿದದ್ದೆಲ್ಲ ಕತ್ತಲೆ, ಎದುರು ಕೂತವರ ತಲೆ, ಚರುಮುರಿ ಗಾಡಿಯ ಬಲ್ಬು. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಅದೇ ಜಾಗದಿಂದ ಐದೂವರೆ ಮೀಟರ್ ಹಿಡಿಯುತ್ತದೆ, ಅಂದರೆ ಹೆಚ್ಚುಕಮ್ಮಿ ರಂಗಸ್ಥಳ ಮಾತ್ರ. 200 ಮಿ.ಮೀ. ಹಾಕಿದರೆ ಒಂದೂವರೆ ಮೀಟರ್‌ಗಿಂತ ಸ್ವಲ್ಪ ಕಡಿಮೆ. ಒಬ್ಬ ವೇಷಧಾರಿಯ ಎದೆ, ಮುಖ, ಕಿರೀಟ ತುಂಬಿಕೊಳ್ಳುತ್ತದೆ.

"ನನ್ನ ಫೋನಿನಲ್ಲೂ ಜೂಮ್ ಇದೆ" ಅನ್ನಬಹುದು. ಇದೆ, ಆದರೆ ಒಂದು ಪರೀಕ್ಷೆ ಮಾಡಿ. ರಾತ್ರಿ ಮನೆಯೊಳಗೆ ಒಂದೇ ಬಲ್ಬು ಹಾಕಿ, ವಿಡಿಯೊದಲ್ಲಿ ಜೂಮ್ ಒತ್ತಿ, ಹಿಂದಿರುವ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಬೆಳಕು ಕಡಿಮೆ ಇದ್ದಾಗ ಎಷ್ಟೋ ಫೋನುಗಳು ಜೂಮ್ ಲೆನ್ಸನ್ನು ಬಳಸುವುದೇ ಇಲ್ಲ. ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತವೆ. ನಮಗೆ ಹೇಳುವುದೂ ಇಲ್ಲ, ಕಳ್ಳ ನನ್ಮಗಂದು.

ಹೊತ್ತಿನ ವಿಷಯ ಬರೀ ಗಣಿತ. ಐಫೋನಿನಲ್ಲಿ 4ಕೆ ಅನ್ನುವ ಅತಿ ಸ್ಪಷ್ಟ ನಮೂನೆಯ, ಸೆಕೆಂಡಿಗೆ 30 ಫ್ರೇಮಿನ (ಅಂದರೆ 30 ಬಿಡಿ ಚಿತ್ರಗಳ) ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ನುಂಗುತ್ತದೆ. ತಾಸಿಗೆ 10 ಜಿಬಿ. ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ 60 ಎಂಬಿ. ಪ್ರೊರೆಸ್ ಅನ್ನುವ ದೊಡ್ಡ ನಮೂನೆ ಆನ್ ಆಗಿದ್ದರೆ ಮಾತ್ರ ಎಚ್ಚರ, 4ಕೆಯಲ್ಲಿ ಅದು ನಿಮಿಷಕ್ಕೆ 6 ಜಿಬಿ! ಕ್ಯಾಮೆರಾದಲ್ಲಿ ಸಾಮಾನ್ಯವಾದ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಎಂಬಿ) ಇಟ್ಟರೆ ತಾಸಿಗೆ 45 ಜಿಬಿ. ಇಡೀ ರಾತ್ರಿಯ ಎಂಟು ತಾಸಿನ ಆಟಕ್ಕೆ 360 ಜಿಬಿ ಬೇಕು.

ಫೋನಿಗೆ ಜಾಗ ಇದ್ದರೂ ಬಿಸಿಯ ಕಾಟ ಇದೆ. ಐಫೋನನ್ನು 35 ಡಿಗ್ರಿಗಿಂತ ಕಡಿಮೆ ಬಿಸಿಲಲ್ಲಿ ಬಳಸಿ ಅಂತ ಆಪಲ್‌ನವರೇ ಹೇಳುತ್ತಾರೆ. ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಈ ಮಾತು ಯಾರು ಹೇಳಬೇಕು? ಬಿಸಿ ಏರಿದರೆ ಫೋನು ಮೊದಲು ಪರದೆ ಮಂಕು ಮಾಡುತ್ತದೆ, ಆಮೇಲೆ ರೆಕಾರ್ಡಿಂಗನ್ನೇ ನಿಲ್ಲಿಸಬಹುದು. ಕವರ್ ತೆಗೆದಿಡಿ, ಛತ್ರಿಯ ನೆರಳು ಹಿಡಿಸಿ, ಚಾರ್ಜ್ ಮಾಡುತ್ತಾ ಬಿಸಿಲಲ್ಲಿ ಶೂಟ್ ಮಾಡಬೇಡಿ.

ಕ್ಯಾಮೆರಾವೂ ಸಾಚಾ ಅಲ್ಲ. ಹಳೆಯ ಡಿಎಸ್‌ಎಲ್‌ಆರ್ ಯಾರಿಂದಲಾದರೂ ಕಡ ತಂದರೆ ಅದು 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲಬಹುದು. ಯುರೋಪಿನಲ್ಲಿ 30 ನಿಮಿಷಕ್ಕಿಂತ ಜಾಸ್ತಿ ರೆಕಾರ್ಡ್ ಮಾಡುವ ಯಂತ್ರಕ್ಕೆ ವಿಡಿಯೊ ಕ್ಯಾಮೆರಾದ ಸುಂಕ ಬೀಳುತ್ತಿತ್ತು. ಅದನ್ನು ತಪ್ಪಿಸಲು ತಯಾರಕರು ಹಾಕಿದ ಬೇಲಿ ಅದು. ಅಲ್ಲಿನ ಸುಂಕದ ಲೆಕ್ಕಕ್ಕೆ ಇಲ್ಲಿ ನಮ್ಮ ಆಟ ಅರ್ಧಕ್ಕೆ ನಿಲ್ಲುತ್ತದೆ, ನೋಡಿ.

ಇಷ್ಟಾದ ಮೇಲೆ ತೀರ್ಮಾನ ಸುಲಭ. ಹಗಲು, ಹತ್ತಿರ, ಸ್ವಲ್ಪ ಹೊತ್ತು, ಎದುರಿಗಿರುವವರು ನಾಚುವ ಮನೆಯವರು: ಫೋನ್. ರಾತ್ರಿ, ದೂರ, ತಾಸುಗಟ್ಟಲೆ: ಕ್ಯಾಮೆರಾ. ಮದುವೆಯ ಧಾರೆ ನಡುವಿನದ್ದು. ಹತ್ತಿರ ಹೋಗಬಹುದು, ಬೆಳಕಿದೆ, ಆದರೆ ಆ ಒಂದು ಕ್ಷಣ ತಪ್ಪಿದರೆ ಮತ್ತೆ ಬರುವುದಿಲ್ಲ. ಅಲ್ಲಿ ಎರಡೂ ಇರಲಿ.

ಸಿನಿಮಾದವರೂ ಫೋನಿನಲ್ಲೇ ತೆಗೆಯುತ್ತಾರಲ್ಲ ಅಂತ ಕೇಳುವವರಿಗೆ ಒಂದು ಮಾತು. 2015ರಲ್ಲಿ ಬಂದ 'ಟ್ಯಾಂಜರಿನ್' ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದದ್ದು ನಿಜ. ಆದರೆ ಫೋನಿನ ಮುಂದೆ ಬೇರೆ ಲೆನ್ಸ್ ಅಡಾಪ್ಟರ್ ಇತ್ತು, ಒಳಗೆ ಬೇರೆ ಆ್ಯಪ್ ಇತ್ತು, ಕೆಳಗೆ ಕೈನಡುಕ ತಡೆಯುವ ಹಿಡಿ ಇತ್ತು. ಧ್ವನಿಯನ್ನು ಫೋನಿನ ಮೈಕಿಗೆ ಬಿಟ್ಟಿರಲಿಲ್ಲ.

ಫೋನ್ ಒಯ್ಯುವುದಾದರೆ: ಹಪ್ಪಳದ ದಿನ

ಮರುವಾರ ದೊಡ್ಡಮ್ಮನ ಮನೆಗೆ ಮತ್ತೆ ಹೋದೆ. ಈ ಸಲ ಫೋನ್, ಒಂದು ಸಣ್ಣ ಟ್ರೈಪಾಡ್, ಕಾಲರ್ ಮೈಕ್. ಮಾಡಿದ ಕ್ರಮ ಹೀಗೆ.

1. ಲೆನ್ಸ್ ಒರೆಸಿದೆ. ನಗಬೇಡಿ. ಜೇಬಿನಲ್ಲಿದ್ದ ಫೋನಿನ ಲೆನ್ಸಿನ ಮೇಲೆ ಬೆರಳಿನ ಎಣ್ಣೆ ಇದ್ದೇ ಇರುತ್ತದೆ. ಬೆಳಕೆಲ್ಲ ಮಂಜುಮಂಜಾಗಿ ಉದ್ದ ಗೆರೆಯಾಗಿ ಕಾಣುವುದು ಅದರಿಂದಲೇ.

2. ಏರೋಪ್ಲೇನ್ ಮೋಡ್ ಹಾಕಿದೆ. ಒಂದು ಫೋನ್ ಕರೆ ಬಂದರೆ ಸಾಕು, ರೆಕಾರ್ಡಿಂಗ್ ನಿಂತುಹೋಗಬಹುದು. ಅಥವಾ ಟ್ರೈಪಾಡಿನ ಮೇಲೆ ಫೋನು ಗುರ್ ಅನ್ನುವುದು ಧ್ವನಿಯಲ್ಲಿ ಸೇರುತ್ತದೆ.

3. ಫ್ರೇಮ್ ಲೆಕ್ಕ ಸರಿಮಾಡಿದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದರಿಂದ ಎಷ್ಟೋ ಬಲ್ಬು, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ವಿಡಿಯೊದಲ್ಲಿ ಕಪ್ಪು ಪಟ್ಟಿ ಮೆಲ್ಲಗೆ ಮೇಲೆಕೆಳಗೆ ಹರಿದಾಡುತ್ತದಲ್ಲ, ಅದು ಇದೇ. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/50 ಸೆಕೆಂಡ್ ಇಟ್ಟರೆ ಪಟ್ಟಿ ಮಾಯ. ಐಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಕ್ಯಾಮೆರಾ, ರೆಕಾರ್ಡ್ ವಿಡಿಯೊ ಒತ್ತಿ, 'ಶೋ ಪಾಲ್ ಫಾರ್ಮ್ಯಾಟ್ಸ್' ಆನ್ ಮಾಡಿದರೆ 25 ಫ್ರೇಮಿನ ಆಯ್ಕೆ ಕಾಣಿಸುತ್ತದೆ. ಆಂಡ್ರಾಯ್ಡಿನಲ್ಲಿ ಪ್ರೊ ವಿಡಿಯೊ ಇದ್ದರೆ ಶಟರ್ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ನೋಡಿ. 2023ರಲ್ಲಿ ಐಫೋನಿಗೆ, 2024ರಲ್ಲಿ ಆಂಡ್ರಾಯ್ಡಿಗೆ ಬಂತು. ಎಲ್ಲ ಆಂಡ್ರಾಯ್ಡ್ ಫೋನಿಗೂ ಹೊಂದುವುದಿಲ್ಲ, ನಿಮ್ಮದಕ್ಕೆ ಹೊಂದಿದರೆ ಅದೃಷ್ಟ. 30 ಫ್ರೇಮಿಗಿಂತ ಕೆಳಗೆ ಇಳಿಯಲು ಬಿಡದ ಫೋನಾದರೆ 30ರಲ್ಲೇ ಇರಲಿ, ಶಟರ್ ಮಾತ್ರ 1/50 ಇಡಿ. ಪಟ್ಟಿ ಆಗಲೂ ಹೋಗುತ್ತದೆ.

4. ಫೋಕಸ್ಸು, ಬೆಳಕು ಎರಡನ್ನೂ ಕಟ್ಟಿಹಾಕಿದೆ. ಪರದೆಯಲ್ಲಿ ದೊಡ್ಡಮ್ಮನ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ 'ಎಇ/ಎಎಫ್ ಲಾಕ್' ಅಂತ ಬರುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಕಾಣುತ್ತದೆ, ಅದನ್ನು ಸ್ವಲ್ಪ ಕೆಳಗೆ ಎಳೆಯಿರಿ. ಇಲ್ಲದಿದ್ದರೆ ಬಿಳಿ ಹಪ್ಪಳ ಫ್ರೇಮಿಗೆ ಬಂದ ಕೂಡಲೇ ಮುಖ ಕಪ್ಪಾಗುತ್ತದೆ, ಹಪ್ಪಳ ಸರಿದ ಕೂಡಲೇ ಮತ್ತೆ ಬೆಳ್ಳಗಾಗುತ್ತದೆ. ಉಸಿರಾಡುವ ವಿಡಿಯೊ ಅಂತ ನಾನು ತಮಾಷೆ ಮಾಡುವುದು ಇದನ್ನೇ.

5. ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ವ್ಯಾಪ್ತಿ ಹಿಗ್ಗಿಸುವ ಆಯ್ಕೆಯನ್ನು ಆಫ್ ಮಾಡಿದೆ. ನಿಮ್ಮ ಫೋನಿನಲ್ಲಿ ಫಳಫಳ ಕಾಣುವ ಎಚ್‌ಡಿಆರ್ ವಿಡಿಯೊ ಬೇರೆಯವರ ಹಳೇ ಫೋನಿನಲ್ಲಿ ಪೇಲವವಾಗಿ ಕಾಣಬಹುದು. ಎಡಿಟ್ ಮಾಡುವಾಗಲೂ ರಗಳೆ.

6. ಪ್ರತಿ ಶಾಟಿಗೂ ಮನಸ್ಸಿನಲ್ಲೇ ಹತ್ತು ಎಣಿಸಿದೆ. ಫೋನ್ ಹಿಡಿದವರಿಗೆ ಕೈ ನಿಲ್ಲುವುದಿಲ್ಲ. ಆಕಡೆ ಈಕಡೆ ಆಡಿಸುತ್ತಾ ನೀರು ಹಾಕುವ ಹಾಗೆ ಮಾಡುತ್ತಾರೆ. ಒಂದು ಜಾಗ ಹಿಡಿದು, ಹತ್ತು ಎಣಿಸಿ, ನಿಲ್ಲಿಸಿ. ಮತ್ತೊಂದು ಜಾಗ. ಮೊದಲು ಇಡೀ ಅಂಗಳ. ಆಮೇಲೆ ಸೊಳೆ ರುಬ್ಬುವ ಕೈ. ಆಮೇಲೆ ಮುಖ. ಆಮೇಲೆ ಪ್ಲಾಸ್ಟಿಕ್ ಹಾಳೆಯಿಂದ ಹಪ್ಪಳ ಬಿಡಿಸುವಾಗಿನ ಆ ಚರ್ ಶಬ್ದ, ಫೋನನ್ನು ಅರ್ಧ ಅಡಿ ಹತ್ತಿರ ಹಿಡಿದು.

ಈ ಅರ್ಧ ಅಡಿಯಲ್ಲೇ ಫೋನ್ ಗೆಲ್ಲುವುದು. ದೊಡ್ಡ ಕ್ಯಾಮೆರಾದಲ್ಲಿ ಅಷ್ಟು ಹತ್ತಿರ ಫೋಕಸ್ ಆಗಲು ಬೇರೆ ಲೆನ್ಸ್ ಬೇಕಾಗಬಹುದು. ಫೋನನ್ನು ಚಾಪೆಯ ಅಂಚಿಗೆ ಒರಗಿಸಿಟ್ಟೆ. ದೊಡ್ಡಮ್ಮ ಅದರ ಮೇಲೆಯೇ ಕೈ ಚಾಚಿ ಹಪ್ಪಳ ಹಾಕಿದರು, ಅಲ್ಲೊಂದು ಯಂತ್ರ ಇದೆ ಅನ್ನುವುದು ಮರೆತೇ ಹೋಗಿತ್ತು. ಹಳೇ ನೂಲಿನ ಸೀರೆ, ಮೊಣಕೈವರೆಗೆ ಹಿಟ್ಟು.

ನಡು ಮಧ್ಯಾಹ್ನದ ಬಿಸಿಲಲ್ಲಿ 1/50 ಶಟರ್ ಇಟ್ಟರೆ ಫೋನಿನ ಚಿತ್ರ ಸುಟ್ಟು ಬಿಳಿಯಾಗುತ್ತದೆ, ಯಾಕೆಂದರೆ ಬಹುಪಾಲು ಫೋನಿನ ಲೆನ್ಸಿನ ಬಾಯಿ ಕಿರಿದು ಮಾಡಲು ಬರುವುದಿಲ್ಲ. ಕಪ್ಪು ಕನ್ನಡಕದ ಹಾಗಿನ ಎನ್‌ಡಿ ಫಿಲ್ಟರ್ ಸಿಕ್ಕಿಸಬಹುದು. ನಾನು ಸಿಕ್ಕಿಸಲಿಲ್ಲ. ಬಿಸಿಲಿಗೆ ಮಿಣುಕಾಟ ಇಲ್ಲ, ಶಟರನ್ನು ಫೋನಿಗೇ ಬಿಟ್ಟೆ. ಹಪ್ಪಳಕ್ಕೆ ಅಷ್ಟು ಸಾಕು. ಚೆಂಡೆಯ ಕೋಲಿಗಾದರೆ ಸಾಲದು. ಶಟರ್ ತೀರಾ ವೇಗವಾದರೆ ಕೋಲು ತುಂಡುತುಂಡಾಗಿ ಹಾರಿದ ಹಾಗೆ ಕಾಣುತ್ತದೆ.

ಕ್ಯಾಮೆರಾ ಒಯ್ಯುವುದಾದರೆ: ಆಟದ ರಾತ್ರಿ

ಮೊದಲು ಅನುಮತಿ. ಆಡಿಸುವ ಮನೆಯವರನ್ನೂ ಮೇಳದವರನ್ನೂ ಕೇಳಿ. ಯೂಟ್ಯೂಬಿಗೆ ಹಾಕುವ ಯೋಚನೆ ಇದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವಲ್ಲಿ, ಹೇಳದೆ ಕ್ಯಾಮೆರಾ ಎತ್ತಬೇಡಿ.

ಸಂಜೆ ಬೆಳಕಿರುವಾಗಲೇ ಹೋಗಿ ಜಾಗ ಹಿಡಿಯಿರಿ. ರಂಗಸ್ಥಳದ ಎದುರು, ನಡುವಿನಿಂದ ಒಂದು ಚೂರು ಪಕ್ಕಕ್ಕೆ, ಕುರ್ಚಿಗಳ ಹಿಂದೆ. ಟ್ರೈಪಾಡಿನ ನಡುವಿನ ಕಂಬ ಪೂರ್ತಿ ಎತ್ತಬೇಡಿ, ಗಾಳಿಗೆ ಅಲ್ಲಾಡುತ್ತದೆ. ಕಾಲುಗಳಿಗೆ ಒಂದು ಬಿಳಿ ಬಟ್ಟೆ ಕಟ್ಟಿ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಚಾ ಕುಡಿಯಲು ಎದ್ದವರು ಎಡವುತ್ತಾರೆ. ನನ್ನದಕ್ಕೆ ಎರಡು ಸಲ ಎಡವಿದ್ದಾರೆ.

ಮೋಡ್ ಮ್ಯಾನ್ಯುವಲ್‌ಗೆ ಹಾಕಿ. 25 ಫ್ರೇಮ್, ಶಟರ್ 1/50. ಲೆನ್ಸಿನ ಬಾಯಿ ಎಫ್ 2.8 ಅಥವಾ ನಿಮ್ಮ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು. ಉಳಿದದ್ದನ್ನು ಐಎಸ್‌ಒದಲ್ಲಿ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸುವ ಸಂಖ್ಯೆಯಲ್ಲಿ, ಸರಿಮಾಡಿ. ರಂಗದ ಅಲಂಕಾರಕ್ಕೆ ಹಾಕಿದ ಅಗ್ಗದ ಎಲ್‌ಇಡಿ 1/50ಕ್ಕೂ ಮಿಣುಕುತ್ತಿದ್ದರೆ ಶಟರನ್ನು 1/100ಕ್ಕೆ ಬದಲಿಸಿ ನೋಡಿ, ಹೋಗುವವರೆಗೆ ತಿರುಗಿಸಿ.

ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ಆಯ್ಕೆಯನ್ನು ಆಟೋದಲ್ಲಿ ಬಿಡಲೇಬೇಡಿ. ಕೆಂಪು ವೇಷವೊಂದು ಕುಣಿಯುತ್ತಾ ಮುಂದೆ ಬಂದರೆ ಕ್ಯಾಮೆರಾ ಗಾಬರಿಯಾಗಿ ಇಡೀ ರಂಗವನ್ನು ನೀಲಿಗೆ ತಿರುಗಿಸುತ್ತದೆ. ಹ್ಯಾಲೋಜನ್ ದೀಪವಾದರೆ 3200 ಕೆಲ್ವಿನ್ನಿನ ಹತ್ತಿರ, ಬಿಳಿ ಎಲ್‌ಇಡಿ ಆದರೆ 5000ದಿಂದ 5600ರ ನಡುವೆ ಕಟ್ಟಿಹಾಕಿ, ಬೆಳಗಿನವರೆಗೆ ಮುಟ್ಟಬೇಡಿ.

ಬೆಳಕನ್ನು ಮುಖಕ್ಕೆ ಅಳೆಯಿರಿ, ಕಿರೀಟಕ್ಕಲ್ಲ. ಕಿರೀಟದ ಬೇಗಡೆ ಹೊಳೆಯುವುದೇ ಹಾಗೆ, ಅದು ಬಿಳಿಯಾಗಿ ಸುಟ್ಟರೂ ಚಿಂತೆ ಇಲ್ಲ. ಮುಖದ ಬಿಳಿ ಚುಟ್ಟಿ ಸುಡಬಾರದು. ಜೀಬ್ರಾ ಅನ್ನುವ ಗೆರೆಗಳ ಆಯ್ಕೆ ಆನ್ ಇಟ್ಟರೆ ಎಲ್ಲಿ ಸುಡುತ್ತಿದೆ ಅಂತ ಪರದೆಯಲ್ಲೇ ಕಾಣುತ್ತದೆ.

ಆಮೇಲೆ ಬಣ್ಣ ತಿದ್ದಲೆಂದೇ ಚಿತ್ರವನ್ನು ಪೇಲವವಾಗಿ ಹಿಡಿಯುವ ಲಾಗ್ ಪ್ರೊಫೈಲ್ ಬೇಕಾ? ಬಣ್ಣ ತಿದ್ದಿ ಅಭ್ಯಾಸ ಇಲ್ಲದಿದ್ದರೆ ಬೇಡ. ಕತ್ತಲಲ್ಲಿ ಲಾಗ್ ತೆಗೆದು, ಆಮೇಲೆ ಕಾಳುಕಾಳು ಚಿತ್ರ ಹಿಡಿದು ಒದ್ದಾಡುವುದಕ್ಕಿಂತ ಸಾಮಾನ್ಯ ಪ್ರೊಫೈಲೇ ಮೇಲು. ಟ್ರೈಪಾಡಿನ ಮೇಲಿದ್ದಾಗ ಕ್ಯಾಮೆರಾದ ನಡುಕ ತಡೆಯುವ ಸೌಲಭ್ಯ ಆಫ್ ಮಾಡುವುದು ವಾಸಿ, ಇಲ್ಲದಿದ್ದರೆ ಕೆಲವೊಮ್ಮೆ ಅದೇ ಚಿತ್ರವನ್ನು ಮೆಲ್ಲಗೆ ತೇಲಿಸುತ್ತದೆ. ಕಾರ್ಡಿನ ಮೇಲೆ ವಿ30 ಗುರುತು ಇರಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅನ್ನುವ ಭರವಸೆ ಅದು. 100 ಎಂಬಿಪಿಎಸ್‌ಗೆ 12.5 ಎಂಬಿ ಸಾಕು, ಹಾಗಾಗಿ ಧಾರಾಳ. ಬ್ಯಾಟರಿ ಮೂರಾದರೂ ಬೇಕು, ಅಥವಾ ಯುಎಸ್‌ಬಿಯಿಂದ ಕರೆಂಟು ಕುಡಿಯುವ ಕ್ಯಾಮೆರಾಕ್ಕೆ ದೊಡ್ಡ ಪವರ್ ಬ್ಯಾಂಕ್.

ಧ್ವನಿ: ಇಲ್ಲಿ ಜಿಪುಣತನ ಬೇಡ

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷಕ್ಕೆ ಮುಂದಿನ ವಿಡಿಯೊಗೆ ಹೋಗುತ್ತಾರೆ. ಫೋನಿನ ಒಳಗಿನ ಮೈಕ್ ಹಾಳು, ಕ್ಯಾಮೆರಾದ ಒಳಗಿನ ಮೈಕೂ ಹಾಳೇ. ಇದರಲ್ಲಿ ಇಬ್ಬರೂ ಸಮಾನರು.

ಹಪ್ಪಳದಂಥ ಮಾತುಕತೆಗೆ ಕಾಲರ್ ಮೈಕ್ ಸಾಕು. ಬೋಯಾ ಬಿವೈ-ಎಂ1 ಅನ್ನುವ ತಂತಿಯ ಮೈಕನ್ನು ಕನ್ನಡದ ಎಷ್ಟೋ ಯೂಟ್ಯೂಬರ್‌ಗಳ ಅಂಗಿಯ ಮೇಲೆ ನೀವೇ ನೋಡಿರುತ್ತೀರಿ. ತಂತಿ 6 ಮೀಟರ್ ಉದ್ದ. ಅದರ ಪುಟ್ಟ ಡಬ್ಬಿಯ ಮೇಲೆ ಒಂದು ಸ್ವಿಚ್ ಇದೆ, ಫೋನಿಗೆ ಒಂದು ಕಡೆ, ಕ್ಯಾಮೆರಾಕ್ಕೆ ಇನ್ನೊಂದು ಕಡೆ. ಈ ಸ್ವಿಚ್ಚನ್ನು ಮರೆತು ಇಡೀ ಸಂದರ್ಶನ ಮೂಕಿಯಾದವರು ನಾನೊಬ್ಬನೇ ಅಲ್ಲ. ಬೇರೆ ಮೈಕ್ ಕೊಳ್ಳುವಾಗ ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಎರಡಿದ್ದರೆ ಕ್ಯಾಮೆರಾದ್ದು, ಮೂರಿದ್ದರೆ ಫೋನಿನದ್ದು. ಅದಲುಬದಲಾದರೆ ಧ್ವನಿ ಬರುವುದಿಲ್ಲ ಅಥವಾ ಕೊರಕೊರ ಅನ್ನುತ್ತದೆ.

ಯಕ್ಷಗಾನಕ್ಕೆ ಇದು ಸಾಲದು. ಫೋನಿನ ಧ್ವನಿ ತಾನಾಗಿ ಏರಿಳಿಯುತ್ತದೆ. ಚೆಂಡೆಯ ಪೆಟ್ಟಿಗೆ ಹೆದರಿ ಇಳಿಸುತ್ತದೆ, ಆಮೇಲೆ ಮೆಲ್ಲಗೆ ಏರಿಸುತ್ತದೆ. ಭಾಗವತರ ದನಿ ಬಾವಿಗೆ ಬಿದ್ದದ್ದು ಹಾಗೆ. ಮಾಡಬೇಕಾದದ್ದು: ಮೈಕ್‌ಸೆಟ್ಟಿನವರ ಹತ್ತಿರ ಹೋಗಿ, ಒಂದು ಚಾ ಕೊಡಿಸಿ, ಎಲ್ಲ ಮೈಕು ಬಂದು ಸೇರುವ ಮಿಕ್ಸರಿನಿಂದ ಒಂದು ಲೈನ್ ಔಟ್, ಅಂದರೆ ಧ್ವನಿ ನೇರ ಹೊರಗೆ ಕೊಡುವ ತಂತಿ, ಕೇಳಿ. ಸಣ್ಣ ರೆಕಾರ್ಡರಿಗೆ ಅದನ್ನು ಲೈನ್ ಇನ್ ಆಯ್ಕೆಯಲ್ಲಿ ಹಾಕಿ. ಮೈಕಿನ ತೂತಿಗೆ ನೇರ ಹಾಕಿದರೆ ಧ್ವನಿ ಒಡೆದು ಹೋಗುತ್ತದೆ, ಲೈನಿನ ಜೋರು ಅದಕ್ಕೆ ತಡೆಯುವುದಿಲ್ಲ. ಮಟ್ಟವನ್ನು ಆಟೋದಿಂದ ಕೈಗೆ ತೆಗೆದುಕೊಳ್ಳಿ. ಹಾಡು ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಚೆಂಡೆ ಏರಿದಾಗ ಮೈನಸ್ 6 ದಾಟದಿರಲಿ.

ಮಿಕ್ಸರಿನ ಧ್ವನಿಯೊಂದೇ ಸಾಕು ಅಂತಲೂ ಅಲ್ಲ. ಅದರಲ್ಲಿ ಜನರ ನಗು, ಶಿಳ್ಳೆ, ಬಯಲಿನ ಗಾಳಿ ಯಾವುದೂ ಇರುವುದಿಲ್ಲ, ಒಣಒಣ. ಕ್ಯಾಮೆರಾದ ಮೈಕಿನದ್ದನ್ನು ಒಂಚೂರು ಕೆಳಗೆ ಬೆರೆಸಿ. 12 ಮೀಟರ್ ದೂರದಿಂದ ಶಬ್ದ ಬರಲು ಸುಮಾರು ಒಂದು ಫ್ರೇಮಿನಷ್ಟು ತಡವಾಗುತ್ತದೆ. ಹಾಗಾಗಿ ಬೆರೆಸುವಾಗ ಒಂದು ಫ್ರೇಮ್ ಹಿಂದಕ್ಕೆ ಸರಿಸಿ, ಇಲ್ಲದಿದ್ದರೆ ಪ್ರತಿ ಪೆಟ್ಟೂ ಎರಡೆರಡು ಕೇಳುತ್ತದೆ.

ಎರಡನ್ನೂ ಕೂಡಿಸಿ ಬಳಸುವುದು

ಈಗ ನಾನು ಆಟಕ್ಕೆ ಹೋದರೆ ಕ್ಯಾಮೆರಾ ಎದುರಿಗೆ ಇರುತ್ತದೆ. ಫೋನು ರಂಗಸ್ಥಳದ ಪಕ್ಕದಲ್ಲಿ, ಹಿಮ್ಮೇಳದ ಹತ್ತಿರ, ಮುಖ್ಯ ಲೆನ್ಸಿನಲ್ಲಿ, ಜೂಮ್ ಇಲ್ಲದೆ. ಮೂರು ಮೀಟರ್ ದೂರದಿಂದ, ದೀಪದ ಕೆಳಗೇ ಇರುವುದರಿಂದ ಅಲ್ಲಿ ಫೋನಿಗೂ ಬೆಳಕು ಸಾಕಾಗುತ್ತದೆ. ಚೆಂಡೆಯವರ ಕೈ, ಭಾಗವತರ ಜಾಗಟೆ, ಅಷ್ಟಕ್ಕೆ ಮಾತ್ರ ಅದು.

ಎರಡರಲ್ಲೂ ಒಂದೇ ಫ್ರೇಮ್ ಸಂಖ್ಯೆ, ಒಂದೇ ವೈಟ್ ಬ್ಯಾಲೆನ್ಸ್ ಇಡಿ. ಎರಡೂ ಓಡುತ್ತಿರುವಾಗ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿನಲ್ಲಿ ಆ ಸದ್ದು ಎರಡನ್ನೂ ಹೊಂದಿಸಲು ಗುರುತು. ಆಟದಲ್ಲಿ ಚೆಂಡೆಯ ಮೊದಲ ಪೆಟ್ಟೇ ಆ ಕೆಲಸ ಮಾಡುತ್ತದೆ. ಫೋನು ಫ್ರೇಮಿನ ಲೆಕ್ಕವನ್ನು ಬೆಳಕು ನೋಡಿ ಹೆಚ್ಚುಕಡಿಮೆ ಮಾಡುತ್ತಿರುತ್ತದೆ, ಹಾಗಾಗಿ ಅರ್ಧ ತಾಸಿನ ನಂತರ ತುಟಿಯೇ ಬೇರೆ, ಮಾತೇ ಬೇರೆ ಆಗಬಹುದು. ಎಡಿಟಿಗೆ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಬದಲಿಸಿಕೊಳ್ಳಿ.

ದುಡ್ಡು ಯಾವುದಕ್ಕೆ ಮೊದಲು

ನನ್ನ ಕ್ರಮ: ಮೈಕ್, ಟ್ರೈಪಾಡ್, ಒಂದು ಎಲ್‌ಇಡಿ ಲೈಟ್. ಈ ಮೂರೂ ಫೋನಿಗೂ ಆಗುತ್ತವೆ, ನಾಳೆ ಕ್ಯಾಮೆರಾ ಬಂದರೂ ಬಿಸಾಡಬೇಕಿಲ್ಲ. ಆಮೇಲೆ ಹಳೆಯದಾದರೂ ಸರಿ ಒಂದು ಕ್ಯಾಮೆರಾ, ಅದಕ್ಕೆ ಎಫ್ 1.8ರ ಲೆನ್ಸ್. ದೊಡ್ಡ 70-200 ಮಿ.ಮೀ. ಎಫ್ 2.8 ಜೂಮ್ ಲೆನ್ಸನ್ನು ಕೊಳ್ಳಲು ಹೋಗಬೇಡಿ. ವರ್ಷಕ್ಕೆ ನಾಲ್ಕು ಆಟ ತೆಗೆಯುವವರಿಗೆ ಬಾಡಿಗೆಯೇ ಲಾಭ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೆ ಕೊಡುವವರಿದ್ದಾರೆ. ತರುವಾಗ ಲೆನ್ಸಿನ ಗಾಜಿನಲ್ಲಿ ಬೂಸಲು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ನಮ್ಮ ಕಡೆಯ ಮಳೆಗಾಲಕ್ಕೆ ಅದು ಮಾಮೂಲು. ಇದ್ದ ಗೀರುಗಳಿಗೆಲ್ಲ ಅಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಮಲಗುವ ಮೊದಲು ಎರಡು ಕಡೆ ನಕಲು. ಒಂದು ಲ್ಯಾಪ್‌ಟಾಪ್, ಒಂದು ಹಾರ್ಡ್‌ಡಿಸ್ಕ್. ಎರಡರಲ್ಲೂ ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ. ಎಡಿಟಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬೇಕಾದಷ್ಟಾಯಿತು.

ಮುಗಿದ ವಿಡಿಯೊವನ್ನು ವಾಟ್ಸಾಪಿನಲ್ಲಿ ಸುಮ್ನೆ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡುತ್ತದೆ. ಅಟ್ಯಾಚ್ ಒತ್ತಿ, 'ಡಾಕ್ಯುಮೆಂಟ್' ಆರಿಸಿ ಕಳಿಸಿ. 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ. ಹಪ್ಪಳದ ವಿಡಿಯೊವನ್ನು ಹಾಗೇ ಕಳಿಸಿದೆ. ದೊಡ್ಡಮ್ಮನ ಮಗಳು ಮಸ್ಕತ್‌ನಲ್ಲಿದ್ದಾಳೆ. ಟಿವಿಗೆ ಹಾಕಿ ಪೂರ್ತಿ ನೋಡಿ ಅವಳು ಮೊದಲು ಕೇಳಿದ್ದು: "ಎಲ್ಲ ಚೆಂದ ಬಂದಿದೆ. ಮೆಣಸು ಎಷ್ಟು ಹಾಕೋದು ಅಂತ ಅಮ್ಮ ಹೇಳಲೇ ಇಲ್ಲವಲ್ಲ?"

ಹೇಳಿದ್ದರು. ಅದೇ ಹೊತ್ತಿಗೆ ಗ್ರೈಂಡರ್ ತಿರುಗುತ್ತಿತ್ತು.